ಕೆಂಗಲ್ಲಿನ ಕಾಲುದಾರಿ

ರಸ್ತೆ ಕೆಟ್ಟರೆ ಅರ್ಜಿ ಬರೆಯುವವರುಂಟು. ಪತ್ರಿಕೆಗೆ ದೂರು ಕಳುಹಿಸುವವರುಂಟು. ಚುನಾವಣೆಯ ಹೊತ್ತಿಗೆ ಅದನ್ನು ಜ್ಞಾಪಿಸುವವರೂ ಉಂಟು. ಕಾಲುದಾರಿ ಕೆಟ್ಟರೆ ಮಾತ್ರ ಕೇಳುವವರಿಲ್ಲ. ಬಹುಮಟ್ಟಿಗೆ ಅದು ಯಾವ ಇಲಾಖೆಯೂ ನಿರ್ಮಿಸಿದ್ದಲ್ಲ. ನಡೆದವರ ಅಂಗಾಲೇ ಅದರ ಶಿಲ್ಪಿ. ನಡಿಗೆ ನಿಂತಿತೆಂದರೆ ಹುಲ್ಲು ಬೆಳೆದು, ಮುಳ್ಳು ಮುಚ್ಚಿ, ಕೆಲವೇ ವರ್ಷಗಳಲ್ಲಿ ಅಲ್ಲೊಂದು ದಾರಿಯಿತ್ತೆಂಬುದೇ ಜನಕ್ಕೆ ಮರೆತುಹೋಗುತ್ತದೆ. ನಾನು ವಾಸವಾಗಿರುವ ಮಂಗಳೂರಿನ ದೇರೆಬೈಲಿನಲ್ಲಿ ಈಗ ಬೈಲು ಹೆಚ್ಚಾಗಿ ಉಳಿದಿರುವುದು ಹೆಸರಿನಲ್ಲಿಯೇ. ಗದ್ದೆಯ ಕಟ್ಟಪುಣಿ, ತೋಡಿನ ಮೇಲಣ ಕಾಲುಸಂಕ, ಗುಡ್ಡೆ ಹತ್ತುವ ಅಡ್ಡದಾರಿ, ಇವೆಲ್ಲ ಕಾಂಕ್ರೀಟಿನ ಕೆಳಗೆ ಅಡಗಿವೆ. ಅದಕ್ಕಾಗಿ ಅಳುವುದು ನನ್ನ ಉದ್ದೇಶವಲ್ಲ. ನಗರ ಬೆಳೆಯಬೇಕಾದರೆ ಮನೆಗಳೂ ರಸ್ತೆಗಳೂ ಬೇಕು. ಆದರೆ ಎಲ್ಲಿ ಮನೆಯೂ ಬೇಡವೋ ರಸ್ತೆಯೂ ಬೇಡವೋ ಅಲ್ಲಿಯಾದರೂ ಕಾಲುದಾರಿಯನ್ನು ಕಾಲಿಗೇ ಬಿಡಬೇಕೆಂಬುದು ನನ್ನ ವಾದ. ಅಂಥ ಸ್ಥಳಗಳಲ್ಲಿ ಮೊದಲನೆಯದೆಂದು ನಾನು ಬಾದಾಮಿಯ ಬೆಟ್ಟಗಳನ್ನು ಹೆಸರಿಸುತ್ತೇನೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕರಾವಳಿಯವನು ಬಾಗಲಕೋಟೆ ಜಿಲ್ಲೆಯ ಬರಗಲ್ಲಿನ ಪರವಾಗಿ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ನೆಲದ ಭೇದವನ್ನು ಕಾಣಲು ಪರವೂರಿನ ಕಣ್ಣೇ ಕೆಲವೊಮ್ಮೆ ಹೆಚ್ಚು ಚುರುಕು. ನಮ್ಮಲ್ಲಿಯ ಕೆಂಪು ಮುರಕಲ್ಲಿನದು: ಮಳೆಯಲ್ಲಿ ನೆನೆದು, ಪಾಚಿ ಹಿಡಿದು, ಹಸುರಿನ ಕೆಳಗೆ ಹುದುಗಿದ ಕೆಂಪು. ಬಾದಾಮಿಯ ಕೆಂಪು ಮರಳುಗಲ್ಲಿನದು: ಬಯಲಾಗಿ ನಿಂತ, ಬಿಸಿಲಿಗೆ ಉರಿಯುವ ಕೆಂಪು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳಿನ ಪದರಗಳು ಅಲ್ಲಿ ಓಲೆಗರಿಯ ಕಟ್ಟಿನಂತೆ ಒಂದರ ಮೇಲೊಂದು ಕಾಣುತ್ತವೆ. ಆ ಬಂಡೆಗಳ ನಿಲುಬಿರುಕುಗಳಲ್ಲಿ ಮಳೆಯ ನೀರು ಯುಗಯುಗಗಳಿಂದ ಇಳಿದು, ಬಿರುಕುಗಳನ್ನು ಅಗಲಿಸಿ, ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಇಕ್ಕಟ್ಟಾದ ಕಮರಿಗಳನ್ನು ಕೊರೆದಿದೆ. ಮರುಭೂಮಿ ಕನ್ನಡ ನಾಡಿನಲ್ಲಿಲ್ಲ. ಆದರೂ ಮರುಭೂಮಿಯ ಕಮರಿ ಹೇಗಿರಬಹುದೆಂದು ಕೇಳುವ ವಿದ್ಯಾರ್ಥಿಗೆ ನಾನು ತೋರಿಸಬಲ್ಲ ಸ್ಥಳ ಇದೇ. ರಾಜಸ್ಥಾನದ ಒಣನೆಲದಲ್ಲಿ ಬಾಳುವ ಚಿಂಕಾರ ಇದೇ ಜಿಲ್ಲೆಯ ಯಡಹಳ್ಳಿಯಲ್ಲಿಯೂ ಉಂಟು; ಅದಕ್ಕಾಗಿ 2016ರಲ್ಲಿ ಅಲ್ಲೊಂದು ವನ್ಯಧಾಮವಾಯಿತು. ಕಮರಿಗೆ ಆ ಸೀಮೆಯ ಜನ ಹೇಳುವ ಹೆಸರು ‘ಕೊಳ್ಳ’. ನಾಗನಾಥನಕೊಳ್ಳ, ಹುಲಿಗೆಮ್ಮನಕೊಳ್ಳ ಎಂಬ ಊರ ಮಾತುಗಳಲ್ಲಿ ನೆಲದ ಆಕಾರವೂ ದೈವದ ಹೆಸರೂ ಒಂದಾಗಿವೆ. ನಮ್ಮ ಬೈಲಿನಲ್ಲಿ ಬೇಸಾಯದ ನೆನಪಿರುವಂತೆ ಅವರ ಕೊಳ್ಳದಲ್ಲಿ ನೀರಿನ ನೆನಪಿದೆ.

ಈ ಬೆಟ್ಟಗಳಲ್ಲಿ ದಾರಿಗಳಿವೆ. ಅಗಸ್ತ್ಯತೀರ್ಥದ ಅಂಚಿನಿಂದ ಹೊರಟು, ಬೆಟ್ಟವನ್ನೇರಿ, ಒಣಹುಲ್ಲಿನ ಹರವನ್ನು ದಾಟಿ ಮಹಾಕೂಟಕ್ಕೆ ಇಳಿಯುವ ಹಳೆಯ ದಾರಿಯೊಂದುಂಟು. ಬಸ್ಸಿನ ದಾರಿಗಿಂತ ಅದು ಬಹಳ ಹತ್ತಿರ. ಆದಿಮಾನವನ ವರ್ಣಚಿತ್ರಗಳಿರುವ ಸಿಡ್ಲಫಡಿಯ ಕಲ್ಲಾಸರೆಗೆ ಕುರುಚಲು ಕಾಡಿನ ನಡುವೆ ಹೋಗುವ ದಾರಿ ಇನ್ನೊಂದು. ನೆರಳಿಲ್ಲದ ಬಂಡೆಯ ಮೇಲೆ ಎರಡು ಮೂರು ಗಂಟೆ ನಡೆದು, ಬಾಯಾರಿ, ಕೊನೆಗೆ ಮಹಾಕೂಟದ ಮರಗಳ ಕೆಳಗೆ ಆ ಪುಷ್ಕರಿಣಿಯ ಊಟೆಯನ್ನು ಕಾಣುವವನಿಗೆ, ‘ತೀರ್ಥ’ ಎಂಬ ಶಬ್ದಕ್ಕೆ ನಿಘಂಟಿನಲ್ಲಿಲ್ಲದ ಅರ್ಥವೊಂದು ಹೊಳೆಯುತ್ತದೆ. ಚಾಲುಕ್ಯರು ಅಲ್ಲಿಯೇ ಏಕೆ ಗುಡಿ ಕಟ್ಟಿದರೆಂದು ನಾನು ತರಗತಿಯಲ್ಲಿ ವಿವರಿಸಬೇಕಾಗಿಲ್ಲ, ಕಾಲುಗಳೇ ವಿವರಿಸುತ್ತವೆ.

ಕನ್ನಡದ ಅಧ್ಯಾಪಕನಾದ ನನಗೆ ಇದರಲ್ಲಿ ಇನ್ನೊಂದು ಸ್ವಾರ್ಥವೂ ಇದೆ. ಕ್ರಿ.ಶ. 700ರ ಆಸುಪಾಸಿನದೆಂದು ವಿದ್ವಾಂಸರು ಹೇಳುವ ಕಪ್ಪೆ ಅರಭಟ್ಟನ ಶಾಸನ ಈ ಬೆಟ್ಟದ ಬಂಡೆಯಲ್ಲಿಯೇ ಇದೆ. ಕನ್ನಡದ ತ್ರಿಪದಿ ಮೊದಲು ಕಾಣಸಿಗುವುದು ಅಲ್ಲಿ. ಕನ್ನಡ ಎಂ.ಎ. ಓದಿದವರೆಲ್ಲರೂ ಅದನ್ನು ಪಾಠವಾಗಿ ಬಲ್ಲರು. ಪರೀಕ್ಷೆಯಲ್ಲಿ ಅದರ ಮೇಲೆ ಟಿಪ್ಪಣಿ ಬರೆದು ಅಂಕ ಪಡೆದಿರುವರು. ಆ ಬಂಡೆಯ ಎದುರಿಗೆ ನಿಂತವರು ಎಷ್ಟು ಮಂದಿ? ಅಚ್ಚಿನ ಪುಟದಲ್ಲಿ ಆ ವೀರನ ಬಿರುಸು ಅತಿಶಯೋಕ್ತಿಯಂತೆ ತೋರುತ್ತದೆ. ಬಿಸಿಲಿನಲ್ಲಿ ಬೆಟ್ಟದ ಮೈಯನ್ನು ಅನುಸರಿಸಿ ಬಂದು, ತಲೆಯೆತ್ತಿ ಆ ಕಲ್ಲನ್ನು ನೋಡಿದಾಗ, ಅದು ಆ ನೆಲದ ಸಹಜವಾದ ದನಿಯೆಂದು ತಿಳಿಯುತ್ತದೆ. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದನ್ನು ಸಾರುವ ಕ್ರಿ.ಶ. 543ರ ಶಾಸನವೂ ಬಂಡೆಯ ಮೇಲಿನದೇ. ಈ ಬೆಟ್ಟ ನಮ್ಮ ಭಾಷೆಯ ಹಳೆಯ ಪುಸ್ತಕ. ಅದರ ಪುಟ ತಿರುವಲು ನಡಿಗೆಯ ಹೊರತು ಬೇರೆ ಉಪಾಯವಿಲ್ಲ.

ಆದರೆ ನಮ್ಮ ವಿದ್ಯಾಸಂಸ್ಥೆಗಳ ಪ್ರವಾಸದ ಕ್ರಮವೇನು? ಒಂದೇ ದಿನದಲ್ಲಿ ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ. ರಾತ್ರಿ ಮತ್ತೆ ಬಸ್ಸು. ಗುಹೆಗಳೆದುರು ಒಂದು ಗಂಟೆ. ಅದರಲ್ಲಿ ಅರ್ಧ ಭಾವಚಿತ್ರಕ್ಕೆ, ಅರ್ಧ ಕೋತಿಗಳಿಂದ ತಿಂಡಿಯನ್ನು ಕಾಯುವುದಕ್ಕೆ. ಹುಡುಗರು ಹಿಂದಿರುಗಿ ಬರೆಯುವ ಪ್ರವಾಸಕಥನದಲ್ಲಿ ಬೆಟ್ಟವೇ ಇರುವುದಿಲ್ಲ. ಹೀಗೆ ನೋಡುವುದಕ್ಕೂ ನೋಡದೆ ಇರುವುದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣದು.

ಹಾಗಾದರೆ ಎಲ್ಲರನ್ನೂ ಬೆಟ್ಟಕ್ಕೆ ಹತ್ತಿಸೋಣವೆಂದು ನಾನು ಹೇಳುತ್ತಿದ್ದೇನೆಯೆ? ಇಲ್ಲ. ಅದರ ಪರಿಣಾಮವನ್ನು ನಮ್ಮ ಜಿಲ್ಲೆಯಲ್ಲಿಯೇ ಕಂಡಿದ್ದೇವೆ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಗೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರು. ಕಾಡಿನ ನಡುವೆ ಜಾತ್ರೆಯ ಸಾಲು ನಿಂತಿತು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರ ಕೆಲಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ದಾರಿಗೆ ದಿನಕ್ಕೆ 300 ಮಂದಿಯೆಂಬ ಮಿತಿಯೊಡನೆ ಅರಣ್ಯ ಇಲಾಖೆ ಹೊಸ ನೋಂದಣಿಯನ್ನು ಆರಂಭಿಸಿತು. ಒಳ್ಳೆಯದೇ ಆಯಿತು. ಆದರೆ ರೋಗ ಬಂದ ಮೇಲೆ ಮದ್ದು ಅರೆಯುವ ನಮ್ಮ ಅಭ್ಯಾಸಕ್ಕೆ ಇದೊಂದು ನಿದರ್ಶನ. ಕುಮಾರಪರ್ವತದ ಕಾಡು ಒಂದು ಮಳೆಗಾಲದಲ್ಲಿ ಅಲ್ಪಸ್ವಲ್ಪ ಗಾಯವನ್ನು ಮುಚ್ಚಿಕೊಳ್ಳಬಲ್ಲದು. ಮರಳುಗಲ್ಲು ಹಾಗಲ್ಲ. ಸಾವಿರಾರು ವರ್ಷದ ಚಿತ್ರದ ಮೇಲೆ ಮೊಳೆಯಿಂದ ಗೀಚಿದ ಹೆಸರು ಯಾವ ಮಳೆಗೂ ಅಳಿಯದು. ಅಳಿಯುವ ಕಾಲಕ್ಕೆ ಚಿತ್ರವೂ ಅಳಿದಿರುತ್ತದೆ.

ಜಗತ್ತಿನ ಕಮರಿಗಳಲ್ಲಿ ಅತ್ಯಂತ ಪ್ರಸಿದ್ಧವಾದ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನಿಂದ ನಾವು ಇಲ್ಲಿ ಎರಡು ಪಾಠಗಳನ್ನು ಕಲಿಯಬಹುದು. ಆರಿಜೋನಾದ ಒಣನೆಲದಲ್ಲಿ ಕೊಲರಾಡೋ ನದಿ ಕೊರೆದ ಆ ಕಮರಿಯ ಉದ್ದ 446 ಕಿಲೋಮೀಟರು. ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಂಚಿನಿಂದ ತಳದವರೆಗೆ ಇಳಿಯುವ ದಾರಿಗಳನ್ನು ಅಲ್ಲಿ ದುರಸ್ತಿಯಲ್ಲಿಡುತ್ತಾರೆ. ಹಗಲು ನಡೆದು ಹಿಂದಿರುಗುವವರಿಗೆ ಪರವಾನಗಿ ಬೇಡ. ಬೆನ್ನಿಗೆ ಬುತ್ತಿ ಹಾಸಿಗೆ ಕಟ್ಟಿಕೊಂಡು ಒಳಗೆ ರಾತ್ರಿ ತಂಗುವವರಿಗೆ ಪರವಾನಗಿ ಬೇಕು, ಅದರ ಸಂಖ್ಯೆಗೆ ಮಿತಿಯುಂಟು. ಬೇಸಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಮರಿಯೊಳಗೆ ನಡೆಯಬೇಡಿರೆಂದು ಎಚ್ಚರಿಸುತ್ತಾರೆ. ಬೆಟ್ಟದಲ್ಲಿ ದಣಿದವನು ಇಳಿದು ಬರಬಹುದು. ಕಮರಿಯಲ್ಲಿ ದಣಿದವನು ಹತ್ತಿಯೇ ಬರಬೇಕು. ನಿಯಮವೆಂಬುದು ಅಲ್ಲಿ ಅಧಿಕಾರದ ದರ್ಪವಲ್ಲ, ನೆಲದ ಸ್ವಭಾವವನ್ನು ತಿಳಿದವರ ವಿವೇಕ. ಇದು ಮೊದಲನೆಯ ಪಾಠ.

ಎರಡನೆಯದು ಕಹಿಯಾದುದು. ಅಲ್ಲಿಯ ಹೆಸರಾಂತ ಬ್ರೈಟ್ ಏಂಜೆಲ್ ದಾರಿ ಮೂಲತಃ ಹವಸುಪಾಯ್ ಎಂಬ ಮೂಲನಿವಾಸಿಗಳ ಕಾಲುದಾರಿ. ಗಣಿ ಹುಡುಕುವವರು ಅದನ್ನು ಅಗಲಿಸಿದರು, ಸುಂಕ ಹಾಕಿದರು, ಆಮೇಲೆ ಉದ್ಯಾನ ಬಂದಿತು, ದಾರಿಯನ್ನು ತುಳಿದು ಮಾಡಿದ ಜನರನ್ನೇ ಅಲ್ಲಿಂದ ಎಬ್ಬಿಸಲಾಯಿತು. ಆ ದಾರಿಯ ನಡುವಣ ತಂಗುದಾಣಕ್ಕೆ ಅವರ ಹೆಸರು ಮರಳಿ ಬಂದದ್ದು 2022ರಲ್ಲಿ. ದಾರಿಯನ್ನು ಉಳಿಸಿ ದಾರಿಯವರನ್ನು ಕಳೆದರೆ ಉಳಿದದ್ದೇನು? ಬಾದಾಮಿಯ ಬೆಟ್ಟದಲ್ಲಿ ಕುರಿ ಕಾಯುವವರು, ಬನಶಂಕರಿಗೂ ಮಹಾಕೂಟಕ್ಕೂ ಹರಕೆ ಹೊತ್ತು ನಡೆಯುವವರು, ಸೌದೆಗೆ ಹೋಗುವ ಹೆಂಗಸರು, ಇವರೇ ಆ ದಾರಿಗಳ ಪಾಲಕರು. ಅವರನ್ನು ಚೀಟಿ ಕೇಳಿ ತಡೆಯುವ ವ್ಯವಸ್ಥೆ ಬರುವುದಾದರೆ ಅದು ಬಾರದಿರುವುದೇ ಮೇಲು.

ಆದುದರಿಂದ ನನ್ನ ಸೂಚನೆಗಳು ಕೆಲವೇ. ಬಾದಾಮಿಯ ಕಾಲುದಾರಿಗಳನ್ನು ಗುರುತಿಸಿ, ಕನ್ನಡದಲ್ಲಿ ಅವುಗಳ ನಕ್ಷೆಯನ್ನು ಅಚ್ಚುಮಾಡಿಸಬೇಕು. ಅದರಲ್ಲಿ ಊರವರು ಹೇಳುವ ಹೆಸರುಗಳೇ ಇರಬೇಕು. ಹೊರಗಿನಿಂದ ಬರುವವರ ಸಂಖ್ಯೆಗೆ ಈಗಲೇ, ನೂಕುನುಗ್ಗಲಾಗುವ ಮೊದಲೇ, ಮಿತಿ ಹಾಕಬೇಕು. ಸಿಡ್ಲಫಡಿಗೆ ಊರಿನ ಮಾರ್ಗದರ್ಶಿಯಿಲ್ಲದೆ ಯಾರೂ ಹೋಗಬಾರದು. ಆ ಕೂಲಿ ಊರಿಗೇ ಸಲ್ಲಬೇಕು. ದಾರಿಯ ಎರಡು ತುದಿಗಳಲ್ಲಿ ಕುಡಿಯುವ ನೀರಿರಬೇಕು, ನಡುವೆ ಅಂಗಡಿಯಿರಬಾರದು. ಸಿಮೆಂಟಿನ ಮೆಟ್ಟಿಲು, ಬಣ್ಣದ ಕಂಬಿ, ವಿದ್ಯುದ್ದೀಪ ಇವು ಖಂಡಿತ ಬೇಡ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ವೃದ್ಧರೂ ಅಶಕ್ತರೂ ಈ ಸ್ಥಳಗಳನ್ನು ನೋಡಬೇಡವೆ ಎಂದು ಕೇಳುವರು. ನೋಡಬೇಕು. ಮಹಾಕೂಟಕ್ಕೆ ಬಸ್ಸಿನ ದಾರಿಯುಂಟು. ಅದನ್ನು ಇನ್ನೂ ಚೆನ್ನಾಗಿಡಲಿ. ರಸ್ತೆಯಿರುವಲ್ಲಿ ಅದನ್ನು ಕೀಳಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲದಲ್ಲಿ ಮಾಡಬಾರದೆಂದಷ್ಟೇ ಹೇಳುತ್ತಿದ್ದೇನೆ. ಮಿತಿಯೆಂದರೆ ಉಳ್ಳವರಿಗೆ ಮಾತ್ರ ಬಾಗಿಲು ತೆರೆಯುವುದಲ್ಲವೆ ಎಂಬುದು ಇನ್ನೊಂದು ಆಕ್ಷೇಪ, ಇದು ತೂಕವುಳ್ಳದ್ದು. ನಮ್ಮ ವಿದ್ಯಾರ್ಥಿಗಳಲ್ಲಿ ಬಸ್ಸಿನ ಖರ್ಚನ್ನು ಹೊಂದಿಸುವುದಕ್ಕೇ ಕಷ್ಟಪಡುವವರಿದ್ದಾರೆ. ಆದುದರಿಂದ ಮಿತಿಯನ್ನು ತಲೆಯೆಣಿಕೆಯಿಂದ ಮಾಡಬೇಕೇ ಹೊರತು ಹಣದಿಂದಲ್ಲ. ಅಧ್ಯಾಪಕರೊಡನೆ ಬರುವ ವಿದ್ಯಾರ್ಥಿಗಳಿಗೆ ಶುಲ್ಕವೇ ಇರಬಾರದು. ನಿರ್ಬಂಧದಲ್ಲಿ ಸುಖವೆಲ್ಲಿ ಎನ್ನುವವರಿಗೆ ಆ ಬಂಡೆಯ ಶಾಸನವೇ ಉತ್ತರ ಹೇಳೀತು. ತ್ರಿಪದಿಗೆ ಮೂರೇ ಸಾಲು. ಆ ಮೂರು ಸಾಲಿನ ಕಟ್ಟಿನಲ್ಲಿ ನಿಂತೇ ನಮ್ಮ ಜನ ಶತಮಾನಗಳಿಂದ ಬೀಸುವ ಕಲ್ಲಿನ ಮುಂದೆ ಹಾಡಿದ್ದಾರೆ. ಸಾಲದೆಂದು ಯಾರೂ ದೂರಲಿಲ್ಲ.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಪ್ರವಾಸದ ಪಟ್ಟಿಯಲ್ಲಿ ನಾಲ್ಕು ಊರುಗಳ ಬದಲಾಗಿ ಒಂದೇ ಊರನ್ನು ಬರೆಯಿರಿ. ಚಳಿಗಾಲದ ಒಂದು ಬೆಳಿಗ್ಗೆ, ಹೊತ್ತು ಏರುವ ಮುನ್ನ, ಇಪ್ಪತ್ತು ಹುಡುಗರಿಗೆ ಮೀರದಂತೆ ಕರೆದುಕೊಂಡು, ಊರಿನ ಒಬ್ಬರನ್ನು ಮುಂದೆ ಮಾಡಿಕೊಂಡು ಹೊರಡಿರಿ. ತಲೆಗೊಂದು ವಸ್ತ್ರ, ಬೆನ್ನಿಗೆ ನೀರು, ಬುತ್ತಿ ಸಾಕು. ಒಯ್ದ ಕಾಗದವನ್ನು ಹಿಂದಕ್ಕೆ ತರಲು ಒಂದು ಚೀಲ ಹೆಚ್ಚಿಗೆ ಇರಲಿ. ಪಾಠವನ್ನು ದಾರಿ ನೋಡಿಕೊಳ್ಳುತ್ತದೆ.