ಖಾಲಿ ಕವರಿನ ತೂಕ: ಸಣ್ಣ ತಯಾರಕರ ಪ್ರಣಾಳಿಕೆ

ನಾವು ರೊಟ್ಟಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ, ಕರದಂಟು, ಕಾಫಿಪುಡಿ ಮಾಡಿ ಮಾರುವವರು. ಕೆಲವರದು ಮನೆಯ ಹಿತ್ತಲಿನ ಶೆಡ್ಡು, ಕೆಲವರದು ಕೈಗಾರಿಕಾ ವಸಾಹತಿನಲ್ಲಿ ಬಾಡಿಗೆ ಜಾಗ. ಮಾಲಿನ ಲೆಕ್ಕ ನಮಗೆ ಬಾಯಿಪಾಠ: ಶೇಂಗಾ ಎಷ್ಟು ಏರಿತು, ಎಣ್ಣೆ ಎಷ್ಟು ಇಳಿಯಿತು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು. ಆದರೆ ಒಂದು ಕೆಜಿ ಮಾಲು ಕಳಿಸಲು ಎಷ್ಟು ಗ್ರಾಂ ಕವರ್, ಎಷ್ಟು ಗ್ರಾಂ ರಟ್ಟು, ಎಷ್ಟು ಮೊಳ ಟೇಪು ಹೋಯಿತೆಂದು ಕೇಳಿದಾಗ ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಈ ಚಳವಳಿ ಹುಟ್ಟಿದ್ದು ಆ ಮೌನದಲ್ಲಿ.

ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿಟ್ಟ ಕೂಡಲೇ ಯಾರಾದರೂ ಫ್ಲೆಕ್ಸ್ ಹಾಕಿಸೋಣ ಎನ್ನುತ್ತಾರೆ. ಫ್ಲೆಕ್ಸು, ಬ್ಯಾನರು, ಪ್ಲಾಸ್ಟಿಕ್ ತಟ್ಟೆ-ಲೋಟ, ಯಾವುದೇ ದಪ್ಪದ ಪ್ಲಾಸ್ಟಿಕ್ ಕೈಚೀಲ, ಇವನ್ನೆಲ್ಲ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ನಿಷೇಧಿಸಿದೆ. ಆಮೇಲೂ ಅವು ಸಂತೆಯಲ್ಲಿ ಸಿಗುತ್ತಿದ್ದವು, ನಮ್ಮ ಗಲ್ಲಾಪೆಟ್ಟಿಗೆಯ ಕೆಳಗೂ ಇದ್ದವು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಈಗ ಕಾನೂನಿನ ಮಾತು. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು ಬಂದದ್ದು 2016ರಲ್ಲಿ. 2022ರ ಫೆಬ್ರುವರಿಯ ತಿದ್ದುಪಡಿ ಅವಕ್ಕೆ ಹಲ್ಲು ಮೂಡಿಸಿತು: ಯಾರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರುತ್ತಾರೋ ಅವರೇ ಅಷ್ಟು ಪ್ಲಾಸ್ಟಿಕ್ ವಾಪಸು ಸಂಗ್ರಹವಾಗಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳಬೇಕು. ಇಪಿಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಗಟ್ಟಿ ಡಬ್ಬಗಳಲ್ಲಿ 2025-26ಕ್ಕೆ ಶೇ 30, 2028-29ಕ್ಕೆ ಶೇ 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂಬ ಗುರಿಯನ್ನೂ ಆ ತಿದ್ದುಪಡಿ ಹಾಕಿತು. ಈ ಲೆಕ್ಕವೆಲ್ಲ ನಡೆಯುವುದು ತೂಕದಲ್ಲಿ. ಕವರಿನ ಮೇಲೆ ಎಲೆಯ ಚಿತ್ರವಿದೆಯೇ, ಹಸಿರು ಬಣ್ಣವಿದೆಯೇ ಎಂದು ಯಾರೂ ಕೇಳುವುದಿಲ್ಲ.

ನಮಗೆ ರಿಯಾಯಿತಿ ಇದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಬ್ರ್ಯಾಂಡುಗಳು ಈ ಹೊಣೆಯಿಂದ ಹೊರಗೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 100 ಕೋಟಿ ರೂಪಾಯಿ ವಹಿವಾಟಿನವರೆಗೂ, ಹೂಡಿಕೆ 25 ಕೋಟಿ ಮೀರದಿದ್ದರೆ, ಅದು ಸಣ್ಣ ಉದ್ಯಮವೇ. ನಮ್ಮ ಪೈಕಿ ಆ ಗೆರೆಯ ಹತ್ತಿರ ಸುಳಿಯುವವರು ಯಾರೂ ಇಲ್ಲ. ಹಾಗಾದರೆ ತಲೆ ಏಕೆ ಕೆಡಿಸಿಕೊಳ್ಳಬೇಕು?

ಮೊದಲನೆಯದಾಗಿ, ರಿಯಾಯಿತಿ ಇರುವುದು ಇಪಿಆರ್ ಹೊಣೆಗೆ ಮಾತ್ರ, ನಿಷೇಧಗಳಿಗಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿ ಚಮಚ, ಸ್ಟ್ರಾಗಳ ಜತೆಗೆ ಮಿಠಾಯಿ ಡಬ್ಬದ ಸುತ್ತ ಬಿಗಿಯುವ ತೆಳು ಹಾಳೆಯೂ ಇದೆ. ಹಬ್ಬದ ಹೊತ್ತಿಗೆ ಅದನ್ನು ಸುತ್ತದೆ ಡಬ್ಬ ಕೊಟ್ಟರೆ ಗಿರಾಕಿ ಮುಖ ಸಿಂಡರಿಸುತ್ತಾರೆಂದು ಹೆದರುವ ಅಂಗಡಿಗಳು ಇನ್ನೂ ಇವೆ. ಎರಡನೆಯದಾಗಿ, ದೊಡ್ಡ ಬ್ರ್ಯಾಂಡಿಗೆ ಮಾಲು ಮಾಡಿಕೊಡುವವರನ್ನು ಆ ಬ್ರ್ಯಾಂಡು ಕೇಳಿಯೇ ಕೇಳುತ್ತದೆ: ಯಾವ ಜಾತಿಯ ಪ್ಲಾಸ್ಟಿಕ್, ಎಷ್ಟು ಕೆಜಿ? ಗೊತ್ತಿಲ್ಲ ಎಂದವರ ಆರ್ಡರು ಗೊತ್ತಿರುವವರಿಗೆ ಹೋಗುತ್ತದೆ. ಕಾಫಿ, ಗರ್ಕಿನ್ ಹೊತ್ತು ಯುರೋಪಿಗೆ ಹೋಗುವವರಿಗಂತೂ ಅಲ್ಲಿನ ಹೊಸ ಪ್ಯಾಕಿಂಗ್ ಕಾನೂನು 2026ರ ಆಗಸ್ಟ್ 12ರಿಂದ ಅನ್ವಯ.

ಇವೆಲ್ಲಕ್ಕಿಂತ ಹತ್ತಿರದ ಕಾರಣ ನಮ್ಮ ಜೇಬು. ಸಣ್ಣ ಕವರ್ ತಯಾರಕರ ಹೊಣೆಯನ್ನು 2024ರ ತಿದ್ದುಪಡಿ ಪ್ಲಾಸ್ಟಿಕ್ ಹರಳು ಮಾಡುವವರ, ತರಿಸುವವರ ಹೆಗಲಿಗೆ ದಾಟಿಸಿತು. ಹೆಗಲ ಮೇಲೆ ಬಿದ್ದ ಹೊರೆಯನ್ನು ವ್ಯಾಪಾರಿ ಬಿಲ್ಲಿನ ಮೇಲೆ ಇಳಿಸದೆ ಬಿಡುತ್ತಾನೆಯೇ? ನಾವೂ ವ್ಯಾಪಾರಿಗಳೇ, ನಮಗೆ ಗೊತ್ತಿಲ್ಲವೇ? ಕಾನೂನು ತೂಗುವುದನ್ನೇ ಬಿಲ್ಲೂ ತೂಗುತ್ತದೆ. ಆದ್ದರಿಂದ ನಮ್ಮ ಬೇಡಿಕೆ ರಿಯಾಯಿತಿ ಹಿಗ್ಗಿಸಿ ಎಂಬುದಲ್ಲ. ಹಗುರಾಗುವುದು ನಮ್ಮ ಕೆಲಸ.

ಮೊದಲ ದಿನ ಒಂದು ಹಿಟ್ಟಿನ ಗಿರಣಿಯ ಹಿಂದೆ ಕೂತು ಮಾತಾಡುವಾಗ ರೊಟ್ಟಿ ಮಾಡುವ ಅಕ್ಕ ಒಬ್ಬರು ಹೇಳಿದರು: “ಕಡಕ್ ರೊಟ್ಟಿ ಮುರದ್ರ ಗಿರಾಕಿ ಬೈತಾರ್ರೀ, ಅದಕ್ಕ ದೊಡ್ಡ ಬಾಕ್ಸಿನ್ಯಾಗ ಪೇಪರ್ ತುರುಕಿ ಕಳಸ್ತೀನಿ.” ಆ ಬಾಕ್ಸನ್ನು ಟೇಪು ಹಿಡಿದು ಅಳೆದೆವು. 40, 30, 20 ಸೆಂಟಿಮೀಟರ್. ಹಗುರವಾದ ದೊಡ್ಡ ಪೆಟ್ಟಿಗೆ ಬಂದರೆ ಹಲವು ಕೊರಿಯರಿನವರು ಮೂರು ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸಿ, ಅದನ್ನೇ ಕೆಜಿ ಎಂದು ಹಿಡಿಯುತ್ತಾರೆ. ಒಳಗೆ 2 ಕೆಜಿ ರೊಟ್ಟಿ, ಬಿಲ್ಲು 4.8 ಕೆಜಿಗೆ! 30, 25, 15ರ ಬಾಕ್ಸಾದರೆ ಅದೇ ಲೆಕ್ಕದಲ್ಲಿ 2.25 ಕೆಜಿ. ಉಳಿದದ್ದು ಗಾಳಿಗೆ ಕೊಟ್ಟ ಬಾಡಿಗೆ. ರೊಟ್ಟಿ ಮುರಿಯುವುದೂ ಆ ಗಾಳಿಯಿಂದಲೇ: ಒಳಗೆ ಅಲುಗಾಡಲು ಜಾಗವಿದ್ದಷ್ಟೂ ಅಂಚು ಬಡಿಯುತ್ತದೆ. ಅಡ್ಡಡ್ಡ ಪೇರಿಸಿ, ಮೇಲೊಂದು ಕೆಳಗೊಂದು ರಟ್ಟು ಇಟ್ಟು, ಮೈಗೆ ಅಂಟಿದ ಹಾಗೆ ಕೂರುವ ಬಾಕ್ಸು ಸಾಕು.

ಇನ್ನು ಬೆಳ್ಳಿ ಬಣ್ಣದ ಪೌಚು. ಚಟ್ನಿಪುಡಿಯ ಎಣ್ಣೆ ಮುಗ್ಗಬಾರದು, ಹಪ್ಪಳ ಮೆತ್ತಗಾಗಬಾರದು. ಅದಕ್ಕೆ ಗಾಳಿ, ತೇವ ತಡೆಯುವ ಪದರ ಬೇಕು ನಿಜ. ಆದರೆ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪೌಚಿನ ಪದರಗಳನ್ನು ಬಿಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಗುಜರಿಯವರು ಮುಟ್ಟುವುದಿಲ್ಲ, ಚಿಂದಿ ಆಯುವವರು ಬಗ್ಗುವುದಿಲ್ಲ. ಬಹಳವಾದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲು, ಇಲ್ಲವಾದರೆ ಚರಂಡಿ. ತಿಂಗಳೊಪ್ಪತ್ತಿನಲ್ಲಿ ಖರ್ಚಾಗುವ ಮಾಲಿಗೆ ವರ್ಷ ಬಾಳುವ ಪೌಚು ಏಕೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇರಲಿಲ್ಲ. ಅಂಗಡಿಯ ತಂತಿಗೆ ನೇತುಹಾಕಿದಾಗ ಮಿಂಚುತ್ತದೆ, ಅಷ್ಟೇ ಕಾರಣ.

ಅದರ ಜತೆಗೊಂದು ಗುಟ್ಟಿನ ಖರ್ಚಿದೆ. ಬಣ್ಣ ಬಣ್ಣದ ಮುದ್ರಣಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರು ಕೊರೆಸಬೇಕು. ಕೊರೆಸಿದ ಮೇಲೆ ನೂರಿನ್ನೂರು ಪೌಚು ಯಾರೂ ಮಾಡಿಕೊಡುವುದಿಲ್ಲ, ಮೂಟೆಗಟ್ಟಲೆ ಕೊಳ್ಳಬೇಕು. ವಿಳಾಸ ಬದಲಾಯಿತೋ, ತೂಕ ಬದಲಾಯಿತೋ, ಉಳಿದ ಮೂಟೆ ಅಟ್ಟಕ್ಕೆ. ನನ್ನ ಅಟ್ಟದಲ್ಲಿ ಹಳೇ ಫೋನ್ ನಂಬರಿನ ಪೌಚುಗಳು ಇಂದಿಗೂ ಇವೆ. ಮಗಳು ಅದರಲ್ಲಿ ಬಣ್ಣದ ಪೆನ್ಸಿಲು ತುಂಬಿಡುತ್ತಾಳೆ.

ಆದ್ದರಿಂದ ನಾವು ಹೀಗೆ ಮಾಡುತ್ತೇವೆ. ನಮ್ಮೆಲ್ಲರಿಗೂ ಮೂರೇ ಅಳತೆಯ, ಒಂದೇ ಜಾತಿಯ ಪ್ಲಾಸ್ಟಿಕ್ಕಿನ, ಮುದ್ರಣವಿಲ್ಲದ ಪೌಚನ್ನು ಒಟ್ಟಿಗೆ ಕೊಳ್ಳುತ್ತೇವೆ. ಹೆಸರು, ದರ, ತಾರೀಕು, ಆಹಾರ ಪರವಾನಗಿ ಸಂಖ್ಯೆ ಎಲ್ಲ ಚೀಟಿಯಲ್ಲಿ. ಕೊಳ್ಳುವಾಗ ಕವರ್ ತಯಾರಕರ ನೋಂದಣಿ ಸಂಖ್ಯೆ, ಕವರಿನ ದಪ್ಪ ಎಷ್ಟು ಮೈಕ್ರಾನ್ ಎಂದು ಕೇಳುತ್ತೇವೆ, ಬಿಲ್ಲಿಲ್ಲದ ಅಗ್ಗದ ಕವರ್ ಕೊಳ್ಳುವುದಿಲ್ಲ. ಮಾಲು ಕೆಡುತ್ತದೋ ಇಲ್ಲವೋ ಎಂಬುದನ್ನು ಊಹೆಗೆ ಬಿಡದೆ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತೇವೆ; ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕಿಂಗಿಗೇ ಒಂದು ವಿಭಾಗವಿದೆ, ನಮ್ಮಲ್ಲಿ ಒಬ್ಬೊಬ್ಬರಿಗೆ ಹೊರೆಯಾಗುವ ಪರೀಕ್ಷೆಯ ಖರ್ಚು ಹಂಚಿಕೊಂಡರೆ ಹೊರೆಯಲ್ಲ. ಒಂದೇ ಆಕಾರವಿದ್ದರೆ 200 ಗ್ರಾಮಿನ ಐದು ಪೊಟ್ಟಣಕ್ಕೆ 1 ಕೆಜಿಯ ಒಂದು ಪೊಟ್ಟಣಕ್ಕಿಂತ ಸುಮಾರು 1.7 ಪಟ್ಟು ಕವರ್ ಬೇಕು. ಖಾನಾವಳಿಗಳಿಗೆ, ಹಾಸ್ಟೆಲ್ಲುಗಳಿಗೆ ಸಣ್ಣ ಪೊಟ್ಟಣ ಕೊಡುವುದನ್ನು ಇವತ್ತೇ ನಿಲ್ಲಿಸುತ್ತೇವೆ. ಹಾಲಿನ ಕ್ರೇಟು ದಿನಾ ಬಂದು ದಿನಾ ಹೋಗುತ್ತದೆ. ಊರೊಳಗಿನ ಅಂಗಡಿಗಳಿಗೆ ನಮ್ಮ ಮಾಲೂ ಹಾಗೇ ಹೋಗಲಿ, ರಟ್ಟಿನ ಬಾಕ್ಸು ದೂರದೂರಿಗೆ ಮಾತ್ರ.

ಉಪ್ಪಿನಕಾಯಿಯವರ ಜಗಳ ಇನ್ನೂ ಬಗೆಹರಿದಿಲ್ಲ. ಗಾಜಿನ ಬಾಟಲಿಗೆ ಹೋಗೋಣ ಎಂದು ಅರ್ಧ ಮಂದಿ. ಗಾಜು ಭಾರ, ಸಾಗಣೆ ದುಬಾರಿ, ದಾರಿಯಲ್ಲಿ ಒಡೆದರೆ ಮಾಲೂ ಹೋಯಿತು ಎಂದು ಇನ್ನರ್ಧ. ಇಬ್ಬರೂ ಸರಿ. ಬಾಟಲಿ ವಾಪಸು ಬರುವ ದೂರಕ್ಕೆ ಗಾಜು, ವಾಪಸು ಬಾರದ ದೂರಕ್ಕೆ ಹಗುರ ಪೌಚು ಎಂಬಲ್ಲಿಗೆ ಸದ್ಯ ಬಂದು ನಿಂತಿದ್ದೇವೆ. ಎಲ್ಲರ ಬಾಟಲಿಯೂ ಒಂದೇ ಅಳತೆಯದಾದರೆ ಯಾರ ಬಾಟಲಿಯನ್ನು ಯಾರು ಬೇಕಾದರೂ ತೊಳೆದು ತುಂಬಬಹುದು. ಗೋಲಿ ಸೋಡಾದವರು ಪ್ರಣಾಳಿಕೆ ಬರೆಯದೆಯೇ ಖಾಲಿ ಬಾಟಲಿ ವಾಪಸು ಪಡೆದು ತುಂಬಿಕೊಂಡು ಬಂದರು.

ಒಂದೆರಡು ಮೋಸಗಳಿಂದ ದೂರ ಇರುತ್ತೇವೆ. ‘ಮಣ್ಣಲ್ಲಿ ಕರಗುತ್ತದೆ’ ಎಂದು ಮಾರುವ ಕವರನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ನೋಡದೆ ನಂಬುವುದಿಲ್ಲ. ಕಾಗದಕ್ಕೆ ಹೋಗುವುದೆಂದರೆ ಹಳೇ ಪತ್ರಿಕೆಯಲ್ಲಿ ತಿಂಡಿ ಕಟ್ಟುವುದಲ್ಲ. ಅದರ ಶಾಯಿ ಹೊಟ್ಟೆಗೆ ಹೋಗುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿದೆ.

ಸರ್ಕಾರಕ್ಕೆ ನಮ್ಮ ಬೇಡಿಕೆ ಉದ್ದವಿಲ್ಲ. ಯಾವ ಕವರ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಸಂತೆಗೂ ಕಳಿಸಿ. ದಾಳಿ ಮಾಡುವಾಗ ತಳ್ಳುಗಾಡಿಯಿಂದ ಆರಂಭಿಸಬೇಡಿ, ನಿಷೇಧಿತ ಕವರ್ ಮಾಡುವ ಯಂತ್ರದಿಂದ ಆರಂಭಿಸಿ.

ಸದಸ್ಯತ್ವಕ್ಕೆ ಶುಲ್ಕವಿಲ್ಲ, ಒಂದು ನೋಟ್‌ಬುಕ್ ಇದೆ. ತಿಂಗಳಿಗೊಮ್ಮೆ ಒಂದು ಕೆಜಿ ಮಾಲಿಗೆ ಎಷ್ಟು ಗ್ರಾಂ ಪ್ಯಾಕಿಂಗ್ ಎಂದು ಬರೆದು ಎಲ್ಲರಿಗೂ ತೋರಿಸಬೇಕು. 200 ಗ್ರಾಮಿನ ಪೊಟ್ಟಣಕ್ಕೆ 8 ಗ್ರಾಂ ಕವರಾದರೆ ಕೆಜಿಗೆ 40 ಎಂದು ಬರೆಯಿರಿ, ನಾಚಿಕೊಳ್ಳಬೇಡಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಮಾಲಿನ ಖಾಲಿ ಕವರು, ಬಾಕ್ಸು, ಒಳಗೆ ತುರುಕುವ ಪೇಪರು, ಟೇಪಿನ ಸುರುಳಿ ಎಲ್ಲ ತನ್ನಿ. ತಕ್ಕಡಿ ಗಿರಣಿಯವರದು. ಚಹಾ ಇರುತ್ತದೆ, ಲೋಟ ಮಾತ್ರ ನೀವೇ ತರಬೇಕು.