ಸಣ್ಣವರ ಟೆಂಡರ್: ‘ಬಹುದು’ ಮತ್ತು ‘ತಕ್ಕದ್ದು’ಗಳ ನಡುವೆ

ಕೇಂದ್ರ ಸರ್ಕಾರದ ‘ಜೆಮ್’ ಖರೀದಿ ಪೋರ್ಟಲ್‌ನಿಂದ ಯಾವುದಾದರೊಂದು ಬಿಡ್ ದಾಖಲೆ ಇಳಿಸಿಕೊಂಡು ನೋಡಿ. ಇಲಾಖೆಯ ಹೆಸರು, ಕೊನೆಯ ದಿನಾಂಕ ಇತ್ಯಾದಿಗಳ ಜೊತೆಗೆ ಅಲ್ಲೊಂದು ಸಾಲು ಇರುತ್ತದೆ: ಪೂರ್ವಾನುಭವ ಮತ್ತು ವಹಿವಾಟಿನ ಷರತ್ತಿನಿಂದ ಸಣ್ಣ ಉದ್ಯಮಗಳಿಗೆ ವಿನಾಯಿತಿ ಇದೆಯೇ? ಎದುರಿನ ಖಾನೆಯಲ್ಲಿ ‘ಹೌದು’ ಅಥವಾ ‘ಇಲ್ಲ’. ಪೀಣ್ಯದಲ್ಲಿ ಬಾಡಿಗೆ ಶೆಡ್ ಇಟ್ಟುಕೊಂಡಿರುವ ನನ್ನ ಪರಿಚಯದ ಮಾಜಿ ಹವಾಲ್ದಾರರೊಬ್ಬರು ಉಳಿದ ಪುಟಗಳನ್ನು ಓದುವ ಮೊದಲು ಇದನ್ನೇ ಹುಡುಕುತ್ತಾರೆ. ‘ಇಲ್ಲ ಅಂತಿದ್ರೆ ಫೋನು ಜೇಬಿಗೆ, ವೆಲ್ಡಿಂಗ್ ಹೋಲ್ಡರ್ ಕೈಗೆ, ಅಷ್ಟೇ ಸಾರ್’ ಎನ್ನುತ್ತಾರೆ.

ಹಲಸೂರು ಕೆರೆಯ ಪಕ್ಕದ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ತರಬೇತಾದವರು ಅವರು. ನದಿಗೆ ಅಡ್ಡಲಾಗಿ ಉಕ್ಕಿನ ಸೇತುವೆ ಜೋಡಿಸಿ, ಪಡೆ ದಾಟಿದ ಮೇಲೆ ಬಿಚ್ಚಿಡುವ ಕೆಲಸ ಮಾಡಿದವರು. ಈಗ ಕೇಬಲ್ ಟ್ರೇ ಮಾಡುತ್ತಾರೆ. ಕೇಬಲ್ ಟ್ರೇ ಟೆಂಡರ್ ಹಾಕಬೇಕಾದರೆ ಹಿಂದಿನ ಮೂರು ವರ್ಷ ಸರ್ಕಾರಕ್ಕೆ ಕೇಬಲ್ ಟ್ರೇ ಕೊಟ್ಟಿರಬೇಕಂತೆ. ಮೊದಲ ಆರ್ಡರ್ ಸಿಗದೆ ಆ ಅನುಭವ ಬರುವುದೆಲ್ಲಿಂದ? ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯನ್ನು ಅವರ ಶೆಡ್ಡಿನ ಗೋಡೆಗೆ ಬರೆಸಬಹುದು.

ಕಾಗದದ ಮೇಲೆ ನಮ್ಮಲ್ಲಿ ಸಣ್ಣವರಿಗೆ ಕೊಟ್ಟಿರುವುದು ಕಡಿಮೆಯೇನಲ್ಲ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರದ ಸಚಿವಾಲಯಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ 20ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕಿತ್ತು; 2018ರಲ್ಲಿ ಅದು ಶೇ 25ಕ್ಕೆ ಏರಿತು. ಅದರೊಳಗೆ ಪರಿಶಿಷ್ಟರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3. ಸಣ್ಣ ಉದ್ಯಮಗಳಿಗಷ್ಟೇ ಮೀಸಲಾದ ವಸ್ತುಗಳು 358. ಟೆಂಡರ್ ಫಾರ್ಮಿಗೆ ದುಡ್ಡಿಲ್ಲ, ಮುಂಗಡ ಠೇವಣಿ (ಇಎಂಡಿ) ಕಟ್ಟಬೇಕಿಲ್ಲ. ಅತಿ ಕಡಿಮೆ ದರ ನಮೂದಿಸಿದ ಎಲ್-1 ದೊಡ್ಡ ಕಂಪನಿಯಾಗಿದ್ದು, ಸಣ್ಣ ಉದ್ಯಮದ ದರ ಅದಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೆ, ಎಲ್-1 ದರಕ್ಕೆ ಇಳಿದು ಆರ್ಡರ್‌ನಲ್ಲಿ ಪಾಲು ಪಡೆಯಬಹುದು.

ಇದನ್ನು ‘ಬೆಲೆಯ ರಿಯಾಯಿತಿ’ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅಸಲಿಗೆ ಇದು ರಿಯಾಯಿತಿಯೇ ಅಲ್ಲ. ನನಗೆ 112 ರೂಪಾಯಿ ಬೇಕು ಎಂದು ಲೆಕ್ಕ ಹಾಕಿದವನಿಗೆ, 100ಕ್ಕೆ ಕೊಡುವುದಾದರೆ ಕೊಡು ಎಂಬ ಆಹ್ವಾನ. ಉಕ್ಕನ್ನು ಟನ್‌ಗಟ್ಟಲೆ ಕೊಳ್ಳುವವನ ದರಕ್ಕೆ ಕಿಲೋಗಟ್ಟಲೆ ಕೊಳ್ಳುವವನು ಇಳಿಯಬೇಕು. ಇಳಿಯುತ್ತಾನೆ ಕೂಡ, ಏಕೆಂದರೆ ಅವನಿಗೆ ಬೇಕಿರುವುದು ಲಾಭಕ್ಕಿಂತ ಹೆಚ್ಚಾಗಿ ‘ಸರ್ಕಾರಕ್ಕೆ ಪೂರೈಸಿದ್ದೇನೆ’ ಎಂಬ ಒಂದು ಪ್ರಮಾಣಪತ್ರ. ಆದರೆ ಆ ಹಂತ ತಲುಪಲು ಮೊದಲು ಅರ್ಹತೆಯ ಬಾಗಿಲು ದಾಟಬೇಕಲ್ಲ.

ಆ ಬಾಗಿಲಲ್ಲಿ ನಿಂತಿರುವುದು ‘ಬಹುದು’ ಎಂಬ ಕ್ರಿಯಾಪದ. ಗುಣಮಟ್ಟಕ್ಕೆ ಧಕ್ಕೆಯಾಗದಿದ್ದರೆ ಸಣ್ಣವರಿಗೆ ಪೂರ್ವಾನುಭವ, ವಹಿವಾಟಿನ ಷರತ್ತುಗಳನ್ನು ಸಡಿಲಿಸಬಹುದು ಎನ್ನುತ್ತದೆ ಕೇಂದ್ರದ 2016ರ ಸುತ್ತೋಲೆ. ಸಡಿಲಿಸುವುದು, ಬಿಡುವುದು ಖರೀದಿ ಅಧಿಕಾರಿಯ ಇಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪೂಜಾರಿಯನ್ನು ಬೈಯುವುದೂ ಸುಲಭವಲ್ಲ. ಹೊಸಬನಿಗೆ ಆರ್ಡರ್ ಕೊಟ್ಟು ಸರಕು ಕೆಟ್ಟರೆ ಲೆಕ್ಕಪರಿಶೋಧಕರ ಆಕ್ಷೇಪ ಬರುವುದು ಅಧಿಕಾರಿಯ ಹೆಸರಿಗೆ. ಹಳಬನಿಗೇ ಕೊಟ್ಟು ಸರಕು ಕೆಟ್ಟರೆ ಅದು ಪೂರೈಕೆದಾರನ ತಪ್ಪು. ಹೀಗಿರುವಾಗ ಖಾನೆಯಲ್ಲಿ ‘ಇಲ್ಲ’ ಒತ್ತುವವರೇ ಜಾಣರು.

ಅಮೆರಿಕದಲ್ಲಿ ಇದೇ ಕ್ರಿಯಾಪದದ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅಲ್ಲಿನ ಮಾಜಿ ಯೋಧರ ಇಲಾಖೆಗೆ 2006ರ ಕಾನೂನಿನಲ್ಲಿ ಒಂದು ಕಟ್ಟಳೆ ಇದೆ. ಮಾಜಿ ಯೋಧರ ಒಡೆತನದ ಕನಿಷ್ಠ ಎರಡು ಸಣ್ಣ ಕಂಪನಿಗಳು ನ್ಯಾಯವಾದ ಬೆಲೆಗೆ ಬಿಡ್ ಹಾಕಬಲ್ಲವು ಎನಿಸಿದರೆ, ಆ ಗುತ್ತಿಗೆಯನ್ನು ಅಂಥವರಿಗೇ ಮೀಸಲಿಡತಕ್ಕದ್ದು. ‘ಇಬ್ಬರ ನಿಯಮ’ ಎಂದೇ ಅದು ಹೆಸರಾಗಿದೆ. ಆಸ್ಪತ್ರೆಗಳ ತುರ್ತು ಸಂದೇಶ ಸೇವೆಯ ಗುತ್ತಿಗೆಯನ್ನು ಇಲಾಖೆ ಬೇರೊಂದು ಕಂಪನಿಗೆ ಕೊಟ್ಟಾಗ, ಮೇರಿಲ್ಯಾಂಡ್‌ನ ಕಿಂಗ್‌ಡಮ್‌ವೇರ್ ಟೆಕ್ನಾಲಜೀಸ್ ಎಂಬ ಮಾಜಿ ಯೋಧನ ಪುಟ್ಟ ಕಂಪನಿ ಕೋರ್ಟಿಗೆ ಹೋಯಿತು. ಇಂಥ ಕಂಪನಿಗಳಿಗೆ ಇಷ್ಟು ಗುತ್ತಿಗೆ ಎಂಬ ವಾರ್ಷಿಕ ಗುರಿ ಮುಟ್ಟಿದ ಮೇಲೆ ಈ ನಿಯಮ ಪ್ರತಿ ಗುತ್ತಿಗೆಗೂ ಏಕೆ ಎಂಬ ವಾದವೂ ಬಂತು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು: ತಕ್ಕದ್ದು ಎಂದರೆ ತಕ್ಕದ್ದೇ. ಗುರಿ ಮುಟ್ಟಿದ್ದರೂ ಸರಿ, ಇಬ್ಬರಿದ್ದರೆ ಮೀಸಲಿಡಬೇಕು.

ಅಮೆರಿಕವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಯುದ್ಧದಲ್ಲಿ, ಸೇವೆಯಲ್ಲಿ ಅಂಗವಿಕಲರಾದ ಯೋಧರ ಕಂಪನಿಗಳಿಗೆ ಶೇ 3ರಷ್ಟು ಗುತ್ತಿಗೆ ಎಂಬ ಗುರಿಯನ್ನು 1999ರಲ್ಲೇ ಇಟ್ಟುಕೊಂಡ ಆ ದೇಶ ಅದನ್ನು ಮೊದಲ ಬಾರಿ ಮುಟ್ಟಿದ್ದು 2012ರಲ್ಲಿ. ಈಗ ಗುರಿ ಶೇ 5. ನಡುವೆ, ಯೋಧನೊಬ್ಬನನ್ನು ಮುಖವಾಡವಾಗಿಟ್ಟುಕೊಂಡು ದೊಡ್ಡವರು ಗುತ್ತಿಗೆ ಹೊಡೆದ ಪ್ರಕರಣಗಳೂ ಬಯಲಾದವು. ಹಾಗಾಗಿ ಸ್ವಯಂಘೋಷಣೆ ಹೋಗಿ, ಸರ್ಕಾರವೇ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಬಂದಿದೆ.

ನಮ್ಮ 2012ರ ನೀತಿಯಲ್ಲಿ ಮಾಜಿ ಸೈನಿಕರಿಗೆ ಪ್ರತ್ಯೇಕ ಪಾಲೇ ಇಲ್ಲ. ಅವರಿಗೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಯೋಜನೆಗಳಿವೆ: ಭದ್ರತಾ ಏಜೆನ್ಸಿ, ಕಲ್ಲಿದ್ದಲು ತುಂಬಿಸಿ ಸಾಗಿಸುವ ಕಂಪನಿ, ಸಿಎನ್‌ಜಿ ಬಂಕ್ ನಿರ್ವಹಣೆ, ಹಾಲಿನ ಬೂತು. ಸಾವಿರಾರು ಕುಟುಂಬಗಳಿಗೆ ಇವು ಅನ್ನ ಕೊಟ್ಟಿವೆ, ಅಲ್ಲಗಳೆಯಲಾಗದು. ಆದರೆ ಈ ಪಟ್ಟಿಯ ಹಿಂದಿರುವ ಕಲ್ಪನೆ ನೋಡಿ. ಮಾಜಿ ಸೈನಿಕ ಎಂದರೆ ಗೇಟಿನ ಬಳಿ ನಿಲ್ಲುವವನು. ಸಿಗ್ನಲ್ಸ್‌ನಲ್ಲಿ ರೇಡಿಯೊ ರಿಪೇರಿ ಮಾಡಿದವರು, ಸೇನೆಯ ಯಂತ್ರ ದುರಸ್ತಿ ದಳವಾದ ಇಎಂಇಯಲ್ಲಿ ಟ್ಯಾಂಕ್ ಎಂಜಿನ್ ಬಿಚ್ಚಿ ಕಟ್ಟಿದವರು ನಲವತ್ತರ ಆಸುಪಾಸಿನಲ್ಲೇ ಕೊಡಗಿಗೆ, ಬೆಳಗಾವಿಗೆ ಮರಳುತ್ತಾರೆ. ಅವರಲ್ಲೊಬ್ಬ ಉದ್ಯಮಿ ಇರಬಹುದು ಎಂದು ನಮ್ಮ ಖರೀದಿ ನೀತಿಗೆ ಹೊಳೆದೇ ಇಲ್ಲ.

ರಾಜ್ಯದ ಕಥೆ ಬೇರೆ ದಾರಿಯಲ್ಲಿ ಅದೇ ಊರಿಗೆ ಬರುತ್ತದೆ. ಪಾರದರ್ಶಕತೆಗೆಂದೇ 1999ರಲ್ಲಿ ಸಾರ್ವಜನಿಕ ಖರೀದಿಯ ಕೆಟಿಪಿಪಿ ಕಾಯ್ದೆ ಮಾಡಿದೆವು. ಪರಿಶಿಷ್ಟ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲಾತಿ ತಂದೆವು, ಒಳ್ಳೆಯದೇ ಆಯಿತು. ಆದರೆ ಸಣ್ಣ ಸಣ್ಣ ಕಾಮಗಾರಿಗಳನ್ನು ಒಟ್ಟುಗೂಡಿಸಿ ‘ಪ್ಯಾಕೇಜ್’ ಮಾಡಿದರೆ ತಾಲ್ಲೂಕು ಮಟ್ಟದ ಗುತ್ತಿಗೆದಾರ ವಹಿವಾಟಿನ ಷರತ್ತಿನಲ್ಲೇ ಉದುರಿಹೋಗುತ್ತಾನೆ. ಅದೇ ಕಾಯ್ದೆಯ 4(ಜಿ) ಕಲಮಿನಡಿ ವಿನಾಯಿತಿ ಕೊಟ್ಟರೆ ಟೆಂಡರ್ ಕರೆಯುವ ಪ್ರಶ್ನೆಯೇ ಬರುವುದಿಲ್ಲ. ಆಮೇಲೆ ಅದೇ ಗುತ್ತಿಗೆದಾರ ಉಪಗುತ್ತಿಗೆಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ, ಕಡಿಮೆ ದರಕ್ಕೆ ಅದೇ ಚರಂಡಿ ಕಟ್ಟುತ್ತಾನೆ. ಅನುಭವದ ಪ್ರಮಾಣಪತ್ರ ಮಾತ್ರ ಮೇಲಿನವನಿಗೆ.

ಗೆದ್ದ ಮೇಲಿನ ಫಜೀತಿ ಇನ್ನೊಂದು. ಇಎಂಡಿಗೆ ವಿನಾಯಿತಿ ಇರುವ ಸಣ್ಣ ಉದ್ಯಮಕ್ಕೆ ಕಾರ್ಯನಿರ್ವಹಣಾ ಭದ್ರತಾ ಠೇವಣಿಯಿಂದ ವಿನಾಯಿತಿ ಇಲ್ಲ. ಬ್ಯಾಂಕ್ ಗ್ಯಾರಂಟಿ ಬೇಕೆಂದರೆ ಬ್ಯಾಂಕಿನವರು ಎಫ್‌ಡಿ ಇಡಿ ಎನ್ನುತ್ತಾರೆ. ಉಕ್ಕು ಕೊಳ್ಳಬೇಕಿದ್ದ ದುಡ್ಡು ಅಲ್ಲಿ ಕೂರುತ್ತದೆ. ಸರಕು ಕೊಟ್ಟ ಮೇಲೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ಇದು ‘ತಕ್ಕದ್ದು’ ಎಂಬುದರ ಭಾಷೆಯೇ. ಆದರೂ ಬಡ್ಡಿ ಕೇಳುವವರು ಕಡಿಮೆ. ಈ ಕಾಯ್ದೆಯಡಿಯ ಸೌಲಭ್ಯ ಮಂಡಳಿಗೆ ದೂರು ಕೊಟ್ಟವನು ಮುಂದಿನ ಟೆಂಡರ್‌ನಲ್ಲಿ ಅದೇ ಅಧಿಕಾರಿಯ ಮುಖ ನೋಡಬೇಕಿದೆ.

ಹಾಗಾದರೆ ಸಣ್ಣವರು ಎಲ್ಲಿ ಹೋರಾಡಬೇಕು? ದರಪಟ್ಟಿಯಲ್ಲಿ ಅಲ್ಲ ಎಂಬುದು ನನ್ನ ವಾದ. ಟೆಂಡರ್ ತೆರೆಯುವ ದಿನಕ್ಕಿಂತ ಬಹಳ ಮೊದಲೇ, ಷರತ್ತು ಬರೆದ ದಿನವೇ ಅದರ ಹಣೆಬರಹ ನಿರ್ಧಾರವಾಗಿರುತ್ತದೆ. ಆದ್ದರಿಂದ ಬಿಡ್-ಪೂರ್ವ ಸಭೆಗೆ ಹೋಗಬೇಕು, ಷರತ್ತು ಏಕೆ ಎಂದು ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ಅಳಲನ್ನು ಯಾರೂ ಕಡತಕ್ಕೆ ಸೇರಿಸುವುದಿಲ್ಲ. ಪತ್ರ ಬಂದರೆ ಉತ್ತರ ಬರೆಯಬೇಕಾಗುತ್ತದೆ. ಉದ್ಯಮ್ ನೋಂದಣಿಯಲ್ಲಿ ‘ವ್ಯಾಪಾರ’ ಎಂದಷ್ಟೇ ಇದ್ದರೆ ಖರೀದಿ ನೀತಿಯ ಲಾಭ ಸಿಗದು, ತಯಾರಿಕೆ ಅಥವಾ ಸೇವೆ ಎಂದಿರಬೇಕು. ಈ ಸಣ್ಣ ತಪ್ಪಿನಿಂದ ಸೋತವರನ್ನು ಬಲ್ಲೆ. ಸರ್ಕಾರ ಮಾಡಬೇಕಾದ್ದು ಮುಖ್ಯವಾಗಿ ಒಂದೇ. ‘ಸಡಿಲಿಸಬಹುದು’ ಎಂಬಲ್ಲಿ ‘ಸಡಿಲಿಸತಕ್ಕದ್ದು’ ಎಂದು ಬರೆದು, ಸಡಿಲಿಸದ ಅಧಿಕಾರಿ ಕಾರಣವನ್ನು ಟೆಂಡರ್‌ನಲ್ಲೇ ಪ್ರಕಟಿಸುವಂತೆ ಮಾಡಲಿ. ಹಾಗಾದರೆ ‘ಹೌದು’ ಎಂದ ಅಧಿಕಾರಿಗೂ ನಿಯಮದ ರಕ್ಷಣೆ ಸಿಗುತ್ತದೆ.

ನಮ್ಮ ಹವಾಲ್ದಾರರು ಕಳೆದ ಬಾರಿ ಹಾಗೆ ಒಂದು ಪುಟದ ಪತ್ರ ಬರೆದರು. ಕೇಬಲ್ ಟ್ರೇ ಬೆಸೆಯುವುದಕ್ಕೆ ಅಷ್ಟು ಕೋಟಿ ವಹಿವಾಟು ಏಕೆ ಬೇಕು, ಮಾದರಿಯನ್ನು ಪರೀಕ್ಷಿಸಿ ನೋಡಬಾರದೇ ಎಂದು ಕೇಳಿದ್ದರು. ವಾರದ ನಂತರ ತಿದ್ದುಪಡಿ ಹೊರಬಿತ್ತು, ‘ಇಲ್ಲ’ ಇದ್ದಲ್ಲಿ ‘ಹೌದು’ ಬಂತು. ದರ ಹಾಕಿದರು, ಸೋತರು. ಗೆದ್ದದ್ದು ಇನ್ನೊಂದು ಸಣ್ಣ ಶೆಡ್ಡು. ‘ಈ ಸಲ ರೇಟಲ್ಲಿ ಸೋತೆ ಸಾರ್’ ಎಂದು ನಗುತ್ತಾ ಹೇಳಿದರು. ಗೆದ್ದವರು ಆ ದರಕ್ಕೆ ಜಿಐ ಶೀಟು ಎಲ್ಲಿಂದ ತರಿಸಿದರು ಎಂದು ಈಗ ವಿಚಾರಿಸುತ್ತಿದ್ದಾರೆ.