ಗಡಿಯಾರ ತಿರುಗಿಸಿದರೆ ಬಿಸಿಲು ಹೆಚ್ಚುವುದಿಲ್ಲ

ಅಮೆರಿಕದ ಬಹುತೇಕ ರಾಜ್ಯಗಳು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತವೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆಯ ಮೀಟಿಂಗಿಗೆ ಚಳಿಗಾಲವಿಡೀ ಸಂಜೆ 7:30ಕ್ಕೆ ಕೂರುತ್ತಿದ್ದ ಬೆಂಗಳೂರಿನ ಟೆಕ್ಕಿ ಆ ಸೋಮವಾರದಿಂದ 6:30ಕ್ಕೇ ಲಾಗಿನ್ ಆಗಬೇಕು. ಯುರೋಪು ಮಾರ್ಚ್ ಕೊನೆಯ ಭಾನುವಾರದವರೆಗೆ ಕಾಯುವುದರಿಂದ, ಲಂಡನ್ನಿನವರೂ ಸೇರಿಕೊಳ್ಳುವ ಮೀಟಿಂಗಾದರೆ ಎರಡು ಮೂರು ವಾರ ಯಾರ ವೇಳಾಪಟ್ಟಿಯೂ ತಾಳೆಯಾಗುವುದಿಲ್ಲ. ಈ ಹಿಂದೆ ಮುಂದೆ ಮಾಡುವ ಆಟ ಸಾಕು ಎನ್ನುವವರು ಅಲ್ಲಿ ಬಹಳ ಮಂದಿ. ಜಗಳವೇನಿದ್ದರೂ ಯಾವ ಸಮಯಕ್ಕೆ ನಿಲ್ಲಿಸಬೇಕು ಎಂಬುದರ ಮೇಲೆ. ವರ್ಷವಿಡೀ ಬೇಸಿಗೆ ಸಮಯವೇ ಇರಲಿ ಎಂಬ ಮಸೂದೆಗೆ 2022ರ ಮಾರ್ಚ್‌ನಲ್ಲಿ ಸೆನೆಟ್ ಅವಿರೋಧವಾಗಿ ಒಪ್ಪಿಗೆ ಕೊಟ್ಟಿತು. ಕೆಳಮನೆ ಅದನ್ನು ಮುಟ್ಟಲಿಲ್ಲ. ಮುಟ್ಟದಿದ್ದದ್ದೇ ಒಳ್ಳೆಯದಾಯಿತು. ಉಳಿಯಬೇಕಾದದ್ದು ಸೂರ್ಯನ ನಡೆಗೆ ಹತ್ತಿರವಿರುವ ಚಳಿಗಾಲದ ಸಮಯ, ಅಂದರೆ ಮೂಲ ಸಮಯ.

1916ರಲ್ಲಿ ಜರ್ಮನಿ ಈ ಪದ್ಧತಿ ತಂದಾಗ ಕೊಟ್ಟ ಕಾರಣ ಯುದ್ಧಕಾಲದ ಕಲ್ಲಿದ್ದಲ ಉಳಿತಾಯ. ಸಂಜೆ ದೀಪ ಹಚ್ಚುವುದೇ ದೊಡ್ಡ ಖರ್ಚಾಗಿದ್ದ ಕಾಲಕ್ಕೆ ಆ ಲೆಕ್ಕ ಸರಿಯಿತ್ತು. ಎಸಿ ಬಂದಮೇಲೆ ಲೆಕ್ಕ ತಿರುಗಿತು. ಇಂಡಿಯಾನಾ ರಾಜ್ಯದ ಬಹುಪಾಲು ಕೌಂಟಿಗಳು 2006ರವರೆಗೆ ಗಡಿಯಾರ ಮುಟ್ಟುತ್ತಿರಲಿಲ್ಲ; ಆ ವರ್ಷ ಇಡೀ ರಾಜ್ಯಕ್ಕೆ ನಿಯಮ ಅನ್ವಯವಾಯಿತು. ಮನೆಗಳ ವಿದ್ಯುತ್ ಬಿಲ್ಲುಗಳನ್ನು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರೆ ಬಳಕೆ ಸುಮಾರು ಶೇ 1ರಷ್ಟು ಏರಿತ್ತು. ದೀಪದಲ್ಲಿ ಉಳಿದದ್ದನ್ನು ಸಂಜೆಯ ಎಸಿ ಮತ್ತು ಮುಂಜಾನೆಯ ಹೀಟರ್ ನುಂಗಿದ್ದವು. ಇದು ರೈತರಿಗಾಗಿ ಬಂದ ಪದ್ಧತಿ ಎಂಬ ಮಾತೂ ಸುಳ್ಳು. ಇಬ್ಬನಿ ಆರುವ ಮೊದಲು ಒಣಹುಲ್ಲು ಕೊಯ್ಯಲಾಗದು, ಹಸುವಿಗೆ ಗಡಿಯಾರ ತಿಳಿಯದು ಎಂದು ಮೊದಲಿಂದಲೂ ವಿರೋಧಿಸಿದವರೇ ಅಲ್ಲಿನ ರೈತರು. ಬೇಸಿಗೆ ಸಮಯ ಇನ್ನಷ್ಟು ವಾರ ಇರಲಿ ಎಂದು 1980ರ ದಶಕದಲ್ಲಿ ಓಡಾಡಿದವರಲ್ಲಿ ಗಾಲ್ಫ್ ಉದ್ಯಮದವರೂ ಬಾರ್ಬೆಕ್ಯೂ ಒಲೆ ಮಾರುವವರೂ ಇದ್ದರು.

ವರ್ಷವಿಡೀ ಬೇಸಿಗೆ ಸಮಯ ಇಟ್ಟರೆ ಏನಾಗುತ್ತದೆಂದು ಊಹಿಸಬೇಕಾಗಿಯೂ ಇಲ್ಲ, ಅಮೆರಿಕ ಅದನ್ನು ಮಾಡಿ ನೋಡಿದೆ. ತೈಲ ಬಿಕ್ಕಟ್ಟಿನ ನಡುವೆ 1974ರ ಜನವರಿ 6ರಿಂದ ನಿಕ್ಸನ್ ಸರ್ಕಾರ ಜಾರಿಗೆ ತಂದಿತು. ಒಂದು ತಿಂಗಳ ಹಿಂದೆ ಶೇ 79ರಷ್ಟು ಜನ ಒಪ್ಪಿದ್ದರು. ಫೆಬ್ರುವರಿಗೆ ಆ ಪ್ರಮಾಣ ಶೇ 42ಕ್ಕೆ ಕುಸಿಯಿತು. ಕಗ್ಗತ್ತಲಲ್ಲಿ ಮಕ್ಕಳು ಟಾರ್ಚ್ ಹಿಡಿದು ಶಾಲೆಗೆ ಹೊರಡಬೇಕಾಯಿತು. ಫ್ಲೋರಿಡಾದಲ್ಲಿ ಹಾಗೆ ಹೊರಟ ಮಕ್ಕಳು ವಾಹನಕ್ಕೆ ಸಿಕ್ಕು ಸತ್ತ ಸುದ್ದಿಗಳು ಬಂದವು. ಅಕ್ಟೋಬರಿನಲ್ಲಿ ಆ ಕಾನೂನು ಬದಲಾಯಿತು. ಡೆಟ್ರಾಯಿಟ್ ನಗರವನ್ನೇ ನೋಡಿ: ಡಿಸೆಂಬರ್ ಕೊನೆಗೆ ಅಲ್ಲಿ ಈಗಲೇ ಸೂರ್ಯ ಹುಟ್ಟುವುದು 8 ಗಂಟೆಗೆ. ಬೇಸಿಗೆ ಸಮಯವಾದರೆ 9ಕ್ಕೆ, ಮೊದಲ ಪೀರಿಯಡ್ ಮುಗಿದ ಮೇಲೆ. ನಿದ್ದೆಯ ತಜ್ಞರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಮೂಲ ಸಮಯವೇ ಕಾಯಂ ಆಗಲಿ ಎನ್ನುವುದೂ ಇದೇ ಕಾರಣಕ್ಕೆ. ದೇಹಕ್ಕೆ ಎಚ್ಚರದ ಲಯ ಹಿಡಿಸುವುದು ಬೆಳಗಿನ ಬೆಳಕು.

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ಮೂಲ ಸಮಯವೇ ಇದ್ದರೆ ಜೂನ್‌ನಲ್ಲಿ ನ್ಯೂಯಾರ್ಕಿಗೆ ನಸುಕಿನ 4:25ಕ್ಕೇ ಸೂರ್ಯೋದಯ, ಸಂಜೆ 7:30ಕ್ಕೆ ಅಸ್ತ. ಎಲ್ಲರೂ ಮಲಗಿರುವಾಗಿನ ಬೆಳಕು ಯಾರಿಗೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಸಂಜೆ ಬೆಳಕಿದ್ದರೆ ಬೀದಿ ದರೋಡೆ ಕಡಿಮೆಯಾಗುತ್ತದೆ ಎಂಬುದಕ್ಕೂ ಅಧ್ಯಯನದ ಆಧಾರವಿದೆ. ಆದರೆ ಜೂನ್‌ನಲ್ಲಿ ಕಳೆದುಕೊಳ್ಳುವುದು ದೀರ್ಘ ಸಂಜೆಯ ಒಂದು ತುಣುಕು, ಬೇಡದ ಬೆಳಕಿಗೆ ಕಿಟಕಿಯ ಪರದೆ ಸಾಕು. ಜನವರಿಯ ಕತ್ತಲಲ್ಲಿ ರಸ್ತೆ ದಾಟುವ ಮಗುವಿಗೆ ಅಷ್ಟು ಸುಲಭದ ಪರಿಹಾರವಿಲ್ಲ. ಅಂಗಡಿ, ಕಚೇರಿ ಬೇಸಿಗೆಯಲ್ಲಿ ಒಂದು ಗಂಟೆ ಮೊದಲೇ ತೆರೆಯಲಿ. ಅದಕ್ಕೆ ಇಡೀ ದೇಶದ ಗಡಿಯಾರ ಯಾಕೆ ಸುಳ್ಳು ಹೇಳಬೇಕು? (ಈ ತಲೆಬಿಸಿ ನಮಗೆ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ: ಬೆಂಗಳೂರಿನ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ಅಂತರ ಸುಮಾರು ಒಂದೂವರೆ ಗಂಟೆ, ಲಂಡನ್ನಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಗಂಟೆ.)

ಇನ್ನು ಕಾನೂನಿನ ದಾರಿ. 1966ರ ಕಾಯ್ದೆಯ ಪ್ರಕಾರ ಯಾವುದೇ ರಾಜ್ಯ ಬೇಸಿಗೆ ಸಮಯವನ್ನು ಕೈಬಿಟ್ಟು ಮೂಲ ಸಮಯದಲ್ಲೇ ಉಳಿಯಬಹುದು. ಹವಾಯಿ ಮತ್ತು ಅರಿಜೋನಾದ ಬಹುಭಾಗ ಹಾಗೇ ಇವೆ. ಬೇಸಿಗೆ ಸಮಯವನ್ನು ಕಾಯಂ ಮಾಡಲು ಮಾತ್ರ ಸಂಸತ್ತಿನ ಅಪ್ಪಣೆ ಬೇಕು. ಫ್ಲೋರಿಡಾ 2018ರಲ್ಲೇ ಅಂಥ ಕಾನೂನು ಮಾಡಿ ಅಪ್ಪಣೆಗೆ ಕಾದು ಕೂತಿತು. ಗಡಿಯಾರ ತಿರುಗಿಸುವ ಕಾಟ ತಪ್ಪಿಸುವುದಷ್ಟೇ ಅದರ ಉದ್ದೇಶವಾಗಿದ್ದರೆ, ಯಾರನ್ನೂ ಕೇಳದೆ ತನ್ನ ಶಾಸನಸಭೆಯಲ್ಲೇ ಮುಗಿಸಬಹುದಿತ್ತು.